ಆಗಾಥಳ ಹೋರಿ

ಆ ಹೋರಿ ಯಾರನ್ನಾದರೂ ತಿವಿದುಬಿಟ್ಟರೆ ಎಂಬ ಯೋಚನೆ ಏಪ್ರಿಲ್‌ನಲ್ಲಿ ನನ್ನ ತಲೆ ಹೊಕ್ಕಿದ್ದು ಮೇ ಬಂದರೂ ಹೊರಬೀಳಲಿಲ್ಲ. ಮಗಳು ರೋಮಿಗೆ ಕ್ಯಾರೆಟ್ ಬೇಯಿಸಿ ಅರೆಯುವಾಗ ಅದೇ, ಅವಳು ಮಲಗಿದ ಮೇಲೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡುವಾಗಲೂ ಅದೇ. ಒಂದು ಟನ್ ತೂಕದ ಪ್ರಾಣಿ. ಅದನ್ನು ಹಿಡಿದಿರುವುದು ಮೂಗಿನ ಬಳೆಗೆ ಕಟ್ಟಿದ ಒಂದು ಹಗ್ಗ. ಸುತ್ತ ಹುಲ್ಲಿನ ಮೇಲೆ ಕೂತ ಮಕ್ಕಳು, ಕೂಸುಗಳ ತಳ್ಳುಗಾಡಿಗಳು, ಐಸ್‌ಕ್ರೀಮ್ ತಿನ್ನುವ ಅಜ್ಜಂದಿರು.

ತಪ್ಪು ನನ್ನದೇ. ಜೂನ್‌ನಲ್ಲಿ ನಮ್ಮ ಹಳ್ಳಿಯಲ್ಲಿ ಹೆಂಗಸರ ಕುಸ್ತಿಹಬ್ಬ. ಮಗು ಹುಟ್ಟಿದ ಮೇಲೆ ಮನೆಯಲ್ಲೇ ಇದ್ದೀಯಲ್ಲ ಎಂದು ನನ್ನನ್ನು ಸಮಿತಿಗೆ ಎಳೆದು, ಬಹುಮಾನ ಹೊಂದಿಸುವ ಕೆಲಸ ಹೊರಿಸಿದ್ದರು. ಮೊದಲ ಸಭೆಯಲ್ಲೇ ನಾನು ಬಾಯಿ ಬಿಟ್ಟೆ. ಗಂಡಸರ ಹಬ್ಬದಲ್ಲಿ ಗೆದ್ದವನಿಗೆ ಹೋರಿ, ಹೆಂಗಸರಲ್ಲಿ ಗೆದ್ದವಳಿಗೆ ಕಡಸು, ಇದು ಯಾವ ನ್ಯಾಯ ಎಂದೆ. ಊರಿನಲ್ಲಿ ಚೀಸ್ ಮಾಡುವ ಅಧ್ಯಕ್ಷರು, ‘ಜ್ಯೂರಿಕ್‌ನಿಂದ ಬಂದೋರ ಬಾಯಿ ದೊಡ್ಡದು ಅಂತಾರೆ, ಆದ್ರೆ ಈ ಮಾತು ಸರಿಯಾಗೇ ಇದೆ. ಹೋರಿನೇ ಇರ್ಲಿ,’ ಎಂದರು. ಪ್ರಾಣಿಯ ಖರ್ಚು ಕೊಡುವ ಬ್ಯಾಂಕಿನ ಮ್ಯಾನೇಜರ್ ಬುಖರ್ ಕೂಡ ಅದೇ ವಾರ ಒಪ್ಪಿಬಿಟ್ಟರು. ಅಷ್ಟು ಸಲೀಸಾಗಿ ಕೆಲಸ ಆಗಿದ್ದಕ್ಕೆ ಬೇರೆಯವರು ಖುಷಿಪಟ್ಟಿರಬಹುದು. ನನಗೆ ಕೊಂಬು ಕಾಣಿಸತೊಡಗಿತು.

‘ಗಂಡಸರ ಹಬ್ಬಕ್ಕೆ ನಮ್ಮ ಮುತ್ತಾತನ ಕಾಲದಿಂದ ಹೋರಿ ಬರ್ತಿದೆ. ಯಾರ ಕರುಳೂ ಈಚೆ ಬಂದಿಲ್ಲ,’ ಎಂದ ನನ್ನ ಗಂಡ ಕಾಸ್ಪರ್.

‘ಅಲ್ಲಿ ಕೂಸಿನ ತಳ್ಳುಗಾಡಿ ಕಮ್ಮಿ ಇರುತ್ವೆ.’

‘ಹಾಗಾದ್ರೆ ಹೋಗಿ ಹೋರಿನೇ ಕೇಳು.’

ಅವನು ತಮಾಷೆಗೆ ಹೇಳಿದ. ನಾನು ರೋಮಿಯನ್ನು ಎದೆಗೆ ಕಟ್ಟಿಕೊಂಡು ನಿಜವಾಗಿಯೂ ಹೋದೆ.

ಹೋರಿ ಇದ್ದದ್ದು ಆಗಾಥ ಪೋರ್ಟ್‌ಮನ್ ಎಂಬುವಳ ಕೊಟ್ಟಿಗೆಯಲ್ಲಿ. ಅಂಚೆ ಬಸ್ಸಿನ ಕೊನೆಯ ನಿಲ್ದಾಣದಿಂದ ಮೇಲಕ್ಕೆ, ಏದುಸಿರು ಬರುವಷ್ಟು ದೂರ. ಅವಳನ್ನು ನಾನು ಅಂಗಡಿಯಲ್ಲಿ ನೋಡಿದ್ದೆ, ಮಾತಾಡಿಸಿರಲಿಲ್ಲ. ಅರವತ್ತು ದಾಟಿದವಳು. ಭುಜ ಬಾಗಿಲಿನಷ್ಟು ಅಗಲ. ಎಡಗಿವಿ ಹಿಂಡಿಟ್ಟ ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡಿತ್ತು. ಹಳೆಯ ಜಟ್ಟಿಗಳಿಗೆಲ್ಲ ಅಂಥ ಕಿವಿ ಇರುತ್ತದೆ. ಹೆಂಗಸಿನ ತಲೆಯ ಮೇಲೆ ನಾನು ಕಂಡದ್ದು ಅದೇ ಮೊದಲು.

‘ನಮಸ್ಕಾರ. ನೀವು ಬಿಡುವಾಗಿದ್ದರೆ…’ ಎಂದು ಶುರುಮಾಡಿದೆ.

‘ಈ ಕೊಟ್ಟಿಗೇಲಿ “ನೀವು” ಅನ್ನಿಸ್ಕೊಳ್ಳೋದು ದನದ ಡಾಕ್ಟ್ರು ಒಬ್ಬರೇ, ಅದೂ ಬಿಲ್ ಕೊಡೋ ತನಕ. ನನ್ನ ಹೆಸರು ಆಗಾಥ. ನೀನು ಆ ಜ್ಯೂರಿಕ್ ಹುಡುಗಿ ಅಲ್ವಾ, ಹೋರಿ ಕೇಳಿದವಳು?’

‘ಹೌದು. ಅದು ಸಾಧು ತಾನೆ?’

‘ಯಾರು, ಬಾಲ್ಟ್ಸಾ?’ ಎಂದು ಅವಳು ತಿರುಗಿದಳು. ಹಿಂದಿನ ಕತ್ತಲು ಅಲ್ಲಾಡಿತು. ನಾನು ಗೋಡೆ ಎಂದುಕೊಂಡಿದ್ದದ್ದು ಹೋರಿ. ಕಂದು ಬಣ್ಣ, ಹಣೆಯ ಮೇಲೆ ಸುರುಳಿ ಕೂದಲು, ಕಣ್ಣು ಮಾತ್ರ ಈಗತಾನೆ ನಿದ್ದೆಯಿಂದ ಎಬ್ಬಿಸಿದವರ ಕಣ್ಣು. ಆಗಾಥ ಅದರ ಗಂಗೆದೊಗಲನ್ನು ಹಿಡಿದು ಅಲ್ಲಾಡಿಸಿದಳು. ‘ಇವನಾ? ಇವನು ಬೆಕ್ಕು ದಾಟಿದ್ರೆ ನಿಂತು ದಾರಿ ಬಿಡ್ತಾನೆ. ಮಗೂನ ಹಾಗೆ ಹಿಸುಕ್ಬೇಡ, ಅದಕ್ಕೆ ಭಯ ಇಲ್ಲ, ನಿನ್ನ ಭಯಕ್ಕೆ ಉಸಿರು ಕಟ್ತಿದೆ.’

ನೋಡಿದರೆ ಹೌದು. ರೋಮಿ ಹೋರಿಯ ಕಡೆಗೆ ಕೈ ಚಾಚಿ ನಗುತ್ತಿದ್ದಳು.

ಆ ಹೋರಿಯ ಭಯ ಅಷ್ಟಕ್ಕೇ ಹೋಯಿತು ಎನ್ನಲಾರೆ. ಆದರೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು: ಈ ಹೆಂಗಸು ಯಾರು? ಒಬ್ಬಳೇ ಇಷ್ಟು ದನ ಕಟ್ಟಿಕೊಂಡು ಈ ಕಡಿದಾದ ಗುಡ್ಡದಲ್ಲಿ ಹೇಗೆ? ಆ ಕಿವಿ ಎಲ್ಲಿಂದ ಬಂತು? ಕಾಸ್ಪರ್‌ನನ್ನು ಕೇಳಿದರೆ, ‘ಆಗಾಥ ಅಂದ್ರೆ ಆಗಾಥ,’ ಎಂದ. ಇಲ್ಲೇ ಹುಟ್ಟಿದವರಿಗೆ ಗುಡ್ಡವೂ ಅವಳೂ ಒಂದೇ, ಮೊದಲಿಂದ ಇದ್ದದ್ದು. ನಾನೇ ಕೇಳಬೇಕಾಯಿತು.

ಬುಧವಾರ ಸಂಜೆ ಅವಳ ಕೊಟ್ಟಿಗೆಯ ಹಿಂಭಾಗದಲ್ಲಿ ಹುಡುಗಿಯರಿಗೆ ಕುಸ್ತಿ ಪಾಠ ನಡೆಯುತ್ತದೆ ಎಂದು ತಿಳಿದು ಮತ್ತೆ ಹೋದೆ. ಒಳಗೆ ಗರಗಸದ ಹೊಟ್ಟು ಹಾಸಿದ ದುಂಡನೆಯ ಕಣ. ಗೋಣಿಬಟ್ಟೆಯ ದಪ್ಪ ಚಡ್ಡಿಯನ್ನು ಪ್ಯಾಂಟಿನ ಮೇಲೇ ಏರಿಸಿಕೊಂಡು, ಒಬ್ಬರ ಚಡ್ಡಿಯನ್ನು ಇನ್ನೊಬ್ಬರು ಹಿಡಿದು, ಗದ್ದವನ್ನು ಎದುರಾಳಿಯ ಭುಜಕ್ಕೆ ಊರಿ ನಿಂತಿದ್ದರು. ಆಗಾಥ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಬೈಯುತ್ತಿದ್ದಳು.

‘ಕೊರೀನಾ, ಅವಳನ್ನ ಅಪ್ಕೊಂಡ್ ಅಳ್ತೀಯೋ, ಎತ್ತಿ ಹಾಕ್ತೀಯೋ?’

ಕೊರೀನಾ ಎತ್ತಿ ಹಾಕಿದಳು. ಕೆಳಗೆ ಬಿದ್ದವಳ ಬೆನ್ನು ನೆಲಕ್ಕೆ ತಾಗಿತು, ಆಟ ಮುಗಿಯಿತು. ಗೆದ್ದವಳೇ ಅವಳ ಕೈಹಿಡಿದು ಎಬ್ಬಿಸಿ ಬೆನ್ನಿನ ಹೊಟ್ಟನ್ನು ಒರೆಸಿ ಕೊಡವಿದಳು. ಗಂಡಸರಾಗಲಿ ಹೆಂಗಸರಾಗಲಿ, ಇಲ್ಲಿ ಹಾಗೆ ಒರೆಸದೆ ಕಣದಿಂದ ಈಚೆ ಬರುವ ಹಾಗಿಲ್ಲ.

ಕೊರೀನಾ ಇಪ್ಪತ್ಮೂರರ ಹುಡುಗಿ, ಮನೆಗಳ ಛಾವಣಿ ಹೊದಿಸುವ ಕೆಲಸ. ಈ ಸಲ ಗೆಲ್ಲುವವಳು ಅವಳೇ ಎಂದು ಕಣಿವೆಯಲ್ಲೆಲ್ಲ ಮಾತು. ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು.

‘ಹೋರಿ ಖಾತ್ರಿ ತಾನೆ?’

‘ಖಾತ್ರಿ. ಬ್ಯಾಂಕು ಒಪ್ಪಿದೆ.’

‘ಯಾಕೆ ಕೇಳಿದೆ ಅಂದ್ರೆ, ಕೆಲಸದ ಯಜಮಾನನ ಹತ್ರ ಮಾತಾಡಿಬಿಟ್ಟಿದೀನಿ. ಗೆದ್ರೆ ಮುಂದಿನ ಬೇಸಿಗೆ ಪೂರ್ತಿ ಛಾವಣಿ ಹತ್ತಲ್ಲ, ಬರೀ ಕುಸ್ತಿ ಅಂತ. ಸಂಬಳ ಇಲ್ಲದ ರಜೆ, ಹೋರಿ ದುಡ್ಡಲ್ಲೇ ಊಟ. ಕೆಳಗಿನೂರಿನ ಆ ಹುಡುಗ ಇದಾನಲ್ಲ, ಗಂಡಸರಲ್ಲಿ ಮೂರನೇ ಬಹುಮಾನ ಬಂದವನು, ಅವನು ಚೀಸ್ ಜಾಹೀರಾತಿನ ಕಾರಲ್ಲಿ ಓಡಾಡ್ತಾನೆ, ಅದೇ ಅವನಿಗೆ ಉದ್ಯೋಗ. ನಾನು ಹೆಂಚು ಹೊತ್ತು ಬಂದು ರಾತ್ರಿ ಪಟ್ಟು ಹಾಕ್ತೀನಿ.’

‘ಹೆಂಚು ಹೊತ್ತಿದ್ದಕ್ಕೇ ನಿನ್ನ ಹಿಡಿತ ಆ ಥರ ಇರೋದು. ಅವನ ಹಿಡಿತ ಚೀಸ್ ಥರ,’ ಎಂದಳು ಆಗಾಥ. ಹುಡುಗಿಯರೆಲ್ಲ ನಕ್ಕರು.

ಗೆದ್ದವರು ಹೋರಿಯನ್ನು ಮನೆಗೆ ಹೊಡೆದುಕೊಂಡು ಹೋಗುವುದು ಅಪರೂಪ ಎಂದು ನನಗೂ ಅಷ್ಟರಲ್ಲಿ ಗೊತ್ತಾಗಿತ್ತು. ಕೊಟ್ಟಿಗೆ ಇಲ್ಲದವನು ಏನು ಮಾಡಿಯಾನು? ಹಾರ ಹಾಕಿಸಿಕೊಂಡ ಹೋರಿ ಸಾಕಿದವರ ಮನೆಗೇ ವಾಪಸ್ಸು ಹೋಗುತ್ತದೆ, ಗೆದ್ದವನ ಕೈಗೆ ಅದರ ಬೆಲೆ ಬರುತ್ತದೆ. ಬೇಕೆಂದರೆ ಹೋರಿ, ಬೇಡವೆಂದರೆ ಹಣ. ಅದು ಅವನ ಇಷ್ಟ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಕೇಳುವುದೂ ಇಲ್ಲ. ಎಲ್ಲರಿಗೂ ಗೊತ್ತಿರುವ ಮಾತು.

ಹುಡುಗಿಯರು ಹೋದ ಮೇಲೆ ಆಗಾಥ ಕಾಫಿಗೆ ಪೇರ್‌ಹಣ್ಣಿನ ಸಾರಾಯಿ ಬೆರೆಸಿ ಕೂತಳು. ನನಗೆ ಹಾಲೂಡಿಸುವವಳೆಂದು ಬರೀ ಕಾಫಿ. ಅವಳ ಬಗ್ಗೆ ಕೇಳುತ್ತ ಹೋದೆ. ಅವಳೂ ಹೇಳುತ್ತ ಹೋದಳು, ಬೇರೆ ಯಾರದೋ ಕತೆಯ ಹಾಗೆ.

ನಾಲ್ವರು ಅಣ್ಣಂದಿರ ಮೇಲೆ ಒಬ್ಬಳೇ ತಂಗಿ. ಅಪ್ಪ ಹೆಸರಾಂತ ಜಟ್ಟಿ. ಅಣ್ಣಂದಿರು ಎರಡು ಜೋಡಿಯಾಗಿ ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಒಂದು ಚಳಿಗಾಲ ಕೊನೆಯವನಿಗೆ ಮಂಗನಬಾವು ಬಂತು, ಜೋಡಿ ಮುರಿಯಿತು. ಇವಳನ್ನು ಕರೆದರು. ಮೊದಲ ದಿನವೇ ಮೂರನೆಯ ಅಣ್ಣನನ್ನು ಚಿತ್ ಮಾಡಿದಳು.

‘ಅವನು ಅಪ್ಪನಿಗೆ ಹೇಳ್ತಾನೆ ಅಂತ ಹೆದರಿದ್ದೆ. ಹೇಗೆ ಹೇಳ್ತಾನೆ? ತಂಗಿ ಕೈಲಿ ಬಿದ್ದೆ ಅಂತಾನಾ? ಆಮೇಲೆ ಎರಡನೆಯವನೂ ಬಿದ್ದ. ಅವನೂ ಬಾಯಿ ಮುಚ್ಕೊಂಡ. ಹಾಗಾಗಿ ಅಪ್ಪನಿಗೆ ವರ್ಷಗಟ್ಟಲೆ ಗೊತ್ತಾಗ್ಲಿಲ್ಲ. ಅವರ ನಾಚಿಕೆನೇ ನನ್ನ ಕಾಯ್ತು.’

ಹೆಂಗಸರ ಹಬ್ಬ ಎಂದು ಮೊದಮೊದಲು ನಡೆದಾಗ ಜನ ನಗುವುದಕ್ಕೇ ಬರುತ್ತಿದ್ದರಂತೆ. ಗೋಣಿಚಡ್ಡಿ ಹಾಕಿದ ಹೆಂಗಸರನ್ನು ನೋಡಲು ಬಸ್ಸು ಮಾಡಿಕೊಂಡು ಬಂದವರೂ ಇದ್ದರಂತೆ. ‘ನಕ್ರೆ ನಗ್ಲಿ, ಟಿಕೇಟು ತಗೊಂಡೇ ನಕ್ಕಿದ್ದು,’ ಎಂದಳು. ಅಂಥ ಒಂದು ಹಬ್ಬದಲ್ಲಿ ಅವಳೇ ಮೊದಲು ಬಂದಳು. ಕರೆದು ಕೊಟ್ಟದ್ದು ಇಸ್ತ್ರಿ ಮಾಡುವ ಹಲಗೆ. ಮಡಚುವ ಕಾಲಿನದು, ಹೂವಿನ ಬಟ್ಟೆ ಹೊದಿಸಿದ್ದು.

‘ನೀನೇನಂದೆ?’

‘ನನ್ನ ಹೋರಿ ಎಲ್ಲಿ ಅಂದೆ. ಬಹುಮಾನ ಕೊಡ್ತಿದ್ದೋನು, ಹೋರಿ ಇರೋನ್ನ ಮದುವೆ ಆಗಮ್ಮ, ಹಲಗೇನೂ ಬೇಕಾಗುತ್ತೆ ಅಂದ. ಬಸ್ಸಲ್ಲಿ ತಗೊಂಡ್ ಬಂದೆ. ಡ್ರೈವರು ಹಲಗೆಗೂ ಅರ್ಧ ಟಿಕೇಟು ಕೇಳಿದ.’

‘ಮತ್ತೆ ಮದುವೆ?’

‘ನನ್ನ ಎತ್ತಿ ಹಾಕಿದವನನ್ನ ಆಗ್ತೀನಿ ಅಂತಿದ್ದೆ. ಕಾದೆ ಕಾದೆ, ಯಾವನೂ ಹಾಕ್ಲಿಲ್ಲ.’

ಹೊಲಮನೆ ಪದ್ಧತಿಯ ಹಾಗೆ ಅಣ್ಣನೊಬ್ಬನಿಗೆ ಹೋಯಿತು. ಇವಳು ಬೇಸಿಗೆಯಲ್ಲಿ ಬೆಟ್ಟದ ಮೇಲೆ ಬೇರೆಯವರ ದನ ಕರೆದಳು, ಚಳಿಗಾಲದಲ್ಲಿ ಮರ ಕಡಿದಳು. ಟ್ರ್ಯಾಕ್ಟರ್ ಹತ್ತುವುದಿಲ್ಲ ಎಂದು ಯಾವ ಗಂಡಸೂ ಮುಟ್ಟದ ಈ ಜಾಗವನ್ನು ಗೇಣಿಗೆ ಹಿಡಿದು ತಳಿಹೋರಿ ಸಾಕತೊಡಗಿದಳು. ಹೋರಿ ಸಂತೆಯಲ್ಲಿ ಇವಳ ಹೋರಿಗಳನ್ನು ಮೆಚ್ಚಿದವರು ಸುತ್ತ ನೋಡಿ ‘ಯಜಮಾನ್ರು ಎಲ್ಲಿ?’ ಎಂದು ಕೇಳುತ್ತಿದ್ದರಂತೆ.

‘ಅಗೋ, ಮೂಗಿಗೆ ಬಳೆ ಹಾಕ್ಕೊಂಡು ನಿಂತಿದಾನಲ್ಲ, ಅವನೇ ಅಂತಿದ್ದೆ.’

ಆ ಸಂಜೆ ಅವಳ ಮುಖದಲ್ಲಿ ಒಂದು ಹೊಳಪು ಇತ್ತು. ಕಾರಣವನ್ನು ಅವಳು ಕೊನೆಗೆ ಹೇಳಿದಳು, ಲೋಟದೊಳಗೆ ನೋಡುತ್ತ. ಜುಲೈನಲ್ಲಿ ಗಂಡಸರ ದೊಡ್ಡ ಹಬ್ಬಕ್ಕೂ ಹೋರಿ ಕೊಡುವುದು ಅದೇ ಬ್ಯಾಂಕು, ಅದಕ್ಕೂ ಬುಖರ್ ಬಾಲ್ಟ್ಸನನ್ನೇ ಆರಿಸಿದ್ದರು. ಹೋರಿ ಸಾಕಿದವರೇ ಹಗ್ಗ ಹಿಡಿದು ಅದನ್ನು ಕಣದೊಳಗೆ ನಡೆಸಿ ತರಬೇಕು. ಅಪ್ಪ ಆಡಿದ ಕಣ, ಅಣ್ಣಂದಿರು ಆಡಿದ ಕಣ. ಇವಳು ಆ ಹೊಟ್ಟಿನ ಮೇಲೆ ಎಂದೂ ಕಾಲಿಟ್ಟಿರಲಿಲ್ಲ.

‘ಹೊಸ ಶೂ ತಗೊಂಡಿದೀನಿ,’ ಎಂದಳು.

ಮುಂದಿನ ವಾರ ಮೂರನೆಯ ಸಲ ಹೋದದ್ದು ಹೂವಿನ ವಿಚಾರಕ್ಕೆ. ಹೋರಿಯ ತಲೆಗೆ ಕಟ್ಟುವ ಹೂದಂಡೆ ಎಷ್ಟು ದೊಡ್ಡದಿರಬೇಕು, ಕಣ್ಣಿಗೆ ಚುಚ್ಚಿ ಅದು ಕೆರಳಿದರೆ ಏನು ಗತಿ ಎಂದು ಕೇಳಬೇಕಿತ್ತು. ಆಗಾಥ ಬಾಲ್ಟ್ಸನ ಮೈ ಉಜ್ಜುತ್ತಿದ್ದಳು. ರೋಮಿ ಹುಲ್ಲಿನ ಮೇಲೆ ಕೂತು ಒಂದು ದಂಟನ್ನು ಚೀಪುತ್ತಿದ್ದಳು. ಅದು ಗಂಟಲಿಗೆ ಸಿಕ್ಕೀತೆಂದು ನಾನು ಕಿತ್ತುಕೊಳ್ಳುವುದು, ಅವಳು ಇನ್ನೊಂದು ಎತ್ತಿಕೊಳ್ಳುವುದು ನಡೆದೇ ಇತ್ತು.

‘ದಂಡೆ ಸಣ್ಣದೇ ಸಾಕು. ಅರ್ಧ ದಿನದ ಬಾಡಿಗೆಗೆ ಅವನು ಅಷ್ಟೆಲ್ಲ ಹೊರಲ್ಲ,’ ಎಂದಳು ಆಗಾಥ.

‘ಯಾವ ಬಾಡಿಗೆ?’

‘ಬುಖರ್ ಕೊಡೋ ಬಾಡಿಗೆ.’

‘ಹೋರಿ ಗೆದ್ದವಳದಲ್ವಾ?’

ಅವಳು ಉಜ್ಜುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ‘ನಿನಗೆ ಗೊತ್ತಿಲ್ವಾ? ನೀನೇ ತಾನೆ ಅವನ ಹತ್ರ ಮಾತಾಡಿದ್ದು?’

ಮಾತಾಡಿದ್ದು ನಾನೇ. ಹೋರಿ ಬೇಕು ಎಂದಿದ್ದೆ, ಹೋರಿ ಬರುತ್ತೆ ಎಂದಿದ್ದರು. ಬಂದ ಹೋರಿ ಯಾರದು ಎಂದು ನಾನು ಕೇಳಿರಲಿಲ್ಲ, ಸಮಿತಿಯ ಯಾರೂ ಕೇಳಿರಲಿಲ್ಲ. ಇದನ್ನು ಕೇಳಬೇಕೆಂದು ಈ ಕಣಿವೆಯಲ್ಲಿ ಯಾರಿಗೆ ತಾನೆ ಹೊಳೆದೀತು? ಬುಖರ್ ಆಗಾಥಳ ಕೊಟ್ಟಿಗೆಗೆ ಬಂದು ಹೇಳಿ ಹೋದದ್ದು ಇಷ್ಟು: ಜೂನ್‌ನಲ್ಲಿ ಬಾಲ್ಟ್ಸ್ ಹೆಂಗಸರ ಕಣಕ್ಕೆ ಬರಲಿ, ಹಾರ ಹಾಕಲಿ, ಗೆದ್ದವಳ ಪಕ್ಕ ನಿಲ್ಲಿಸಿ ಫೋಟೋ ತೆಗೆಯಲಿ, ಸಂಜೆ ಮನೆಗೆ ಹೋಗಲಿ. ಆಗಾಥಳಿಗೆ ಅರ್ಧ ದಿನದ ಬಾಡಿಗೆ. ಗೆದ್ದವಳಿಗೆ ಎಂದಿನ ಹಾಗೆ ಕಡಸಿನ ಬೆಲೆ. ಗಂಡಸರಲ್ಲಿ ಗೆದ್ದವನಿಗೆ ಸಿಗುವುದರ ಕಾಲು ಭಾಗವೂ ಅಲ್ಲ ಅದು.

‘ಅವನು ಕೆಟ್ಟೋನಲ್ಲ,’ ಎಂದಳು ಆಗಾಥ. ‘ಈ ವರ್ಷ ಹೋರಿ ಕಾಣ್ಲಿ, ಹಣದ ಮಾತು ಮುಂದೆ ನೋಡೋಣ ಅಂದ. ನಿಮಗೆಲ್ಲ ಗೊತ್ತಿದ್ದೇ ಒಪ್ಪಿದೀರಿ ಅಂದ್ಕೊಂಡೆ.’ ಬ್ರಷ್ಷಿಗೆ ಅಂಟಿದ ಕೂದಲನ್ನು ಕಿತ್ತು ಗಾಳಿಗೆ ಬಿಟ್ಟಳು. ‘ಸುಳ್ಳು ಯಾಕೆ ಹೇಳ್ಲಿ? ಗೊತ್ತಿರ್ಲಿಕ್ಕಿಲ್ಲ ಅಂತ ಒಂದು ಕಡೆ ಅನ್ನಿಸ್ತಿತ್ತು. ಕೇಳೋಕೆ ಮನಸ್ಸಾಗ್ಲಿಲ್ಲ. ಕೇಳಿದ್ರೆ ಜುಲೈ ಹೋಗುತ್ತೆ.’

‘ನೀನು ಬಾಡಿಗೆಗೆ ಕೊಡಲ್ಲ ಅಂದ್ರೆ?’

‘ಬೇರೆ ಹೋರಿ ಹುಡುಕ್ತಾನೆ. ಇಲ್ಲಿ ಹೋರಿಗೇನು ಬರ.’

ನನಗೆ ಒಂದೇ ಸಲ ಎಲ್ಲ ದಿಕ್ಕಿನಿಂದಲೂ ದಿಗಿಲು ಹತ್ತಿತು. ಸುಮ್ಮನಿದ್ದರೆ ಕೊರೀನಾ ಗೆದ್ದು, ಫೋಟೋ ತೆಗೆಸಿಕೊಂಡು, ಕೈಗೆ ಬಂದದ್ದನ್ನು ನೋಡಿ ಮತ್ತೆ ಏಣಿ ಹತ್ತಬೇಕು. ಬಾಯಿಬಿಟ್ಟರೆ ಆಗಾಥಳ ಹೊಸ ಶೂ ಪೆಟ್ಟಿಗೆಯಲ್ಲೇ ಉಳಿಯಬಹುದು. ಈ ಸಲ ಇರಲಿ ಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗಾಥ ಅದಕ್ಕೆ ಮೊದಲೇ ಕೇಳಿದಳು:

‘ಕೊರೀನಾಗೆ ಹೇಳೋರು ಯಾರು? ನೀನಾ?’

‘ಅಯ್ಯೋ, ನನ್ನಿಂದ ಆಗಲ್ಲ.’

‘ನನ್ನಿಂದಲೂ ಆಗಲ್ಲ. ಬುಧವಾರ ಆ ಬಕೆಟ್ ಮೇಲೆ ಕೂತು ಅವಳಿಗೆ ಎತ್ತು, ಹಾಕು, ಗೆಲ್ಲು ಅಂತ ಬಾಯಿ ಬಡ್ಕೊಳ್ಳೋಳು ನಾನು. ಯಾವುದಕ್ಕೆ ಗೆಲ್ಲು ಅನ್ಲಿ? ಫೋಟೋಗಾ?’

ಅವಳು ಹೋರಿಯ ಬೆನ್ನಿಗೆ ಒರಗಿ ನಿಂತಳು. ಬಾಲ್ಟ್ಸ್ ಮೆಲುಕು ಹಾಕುವ ಸದ್ದು, ರೋಮಿ ಅದನ್ನು ನೋಡಿ ಬರೀ ವಸಡು ಆಡಿಸುವ ಸದ್ದು.

‘ಅವಳಿಗೆ ಹೇಳೋಕಿಂತ ಅವನಿಗೆ ಹೇಳೋದು ಸುಲಭ,’ ಎಂದಳು ಕೊನೆಗೆ. ‘ಫೋನ್ ಮಾಡು. ಆಗಾಥ ಹೋರಿನ ಬಾಡಿಗೆಗೆ ಕೊಡಲ್ವಂತೆ ಅನ್ನು. ಹೆಂಗಸರ ಕಣಕ್ಕೆ ಅವನು ಬಂದ್ರೆ ಗೆದ್ದವಳ ಹೋರಿಯಾಗೇ ಬರ್ತಾನೆ. ಹೋರಿ ಬೇಕಂದ್ರೆ ಹೋರಿ, ಬೆಲೆ ಬೇಕಂದ್ರೆ ಹೋರಿ ಬೆಲೆ. ಇಲ್ಲ ಅಂದ್ರೆ ಜೂನ್‌ಗೂ ಇಲ್ಲ, ಜುಲೈಗೂ ಇಲ್ಲ.’

‘ನೀನೇ ಮಾಡಬಾರ್ದಾ?’

‘ಬಹುಮಾನದ ಅಧಿಕಾರಿ ನೀನು. ನಾನು ಬರೀ ಹೋರಿಯವಳು.’

ಮಗುವಿಗೆ ಹಸಿವಾಗಿದೆ ಎಂದೆ. ಹಾಲು ಕುಡಿಸು, ಕಾಯ್ತೀನಿ ಎಂದಳು. ಹನ್ನೆರಡಾಯಿತು, ಊಟದ ಹೊತ್ತಿನಲ್ಲಿ ಬ್ಯಾಂಕಿನವರು ಫೋನ್ ಎತ್ತುವುದಿಲ್ಲ ಎಂದೆ. ಅದು ಹೌದೆಂದು ಒಪ್ಪಿ, ಆಲೂಗಡ್ಡೆ ಹುರಿದು, ಎರಡು ಮೊಟ್ಟೆ ಒಡೆದು ಹಾಕಿ ನನ್ನ ಮುಂದಿಟ್ಟಳು. ಅವಳು ಚೆನ್ನಾಗಿ ಉಂಡಳು. ನಾನು ಆಲೂಗಡ್ಡೆಯನ್ನು ತಟ್ಟೆಯಲ್ಲೇ ಆಚೀಚೆ ತಳ್ಳುತ್ತಿದ್ದೆ. ಬುಖರ್ ಕೋಪಗೊಂಡು ಕಡಸೂ ಇಲ್ಲ ಎಂದರೆ? ಸಮಿತಿಯನ್ನು ಕೇಳದೆ ಮಾತಾಡಿದೆ ಎಂದು ಅಧ್ಯಕ್ಷರು ಬೈದರೆ? ಅವರ ಚೀಸನ್ನೇ ನಾವು ತಿನ್ನುವುದು.

‘ಕಣದಲ್ಲಿ ಮೊದಲ ಪಟ್ಟು ಹಾಕೋಕೆ ಮುಂಚೆ ನಿನಗೂ ಹೀಗಾಗ್ತಿತ್ತಾ?’ ಎಂದು ಕೇಳಿದೆ.

‘ವಾಂತಿ ಬರ್ತಿತ್ತು.’

‘ಮತ್ತೆ?’

‘ಮತ್ತೇನು, ಚಡ್ಡಿ ಹಿಡ್ಕೊಂಡ ಮೇಲೆ ಬಿಡೋಕಾಗುತ್ತಾ?’

ಗಂಟೆ ಒಂದೂವರೆ ದಾಟಿತು. ರೋಮಿಯನ್ನು ಅವಳ ಮಡಿಲಿಗೆ ಹಾಕಿ, ಅಂಗಳಕ್ಕೆ ಬಂದು ನಂಬರು ಒತ್ತಿದೆ. ಎರಡನೇ ರಿಂಗಿಗೇ ಎತ್ತಿದರು. ಹವೆ, ಮಗು, ಹಬ್ಬದ ತಯಾರಿ ಎಲ್ಲ ವಿಚಾರಿಸಿದರು. ನಾನು ಅವರ ಮಾತಿನ ನಡುವೆಯೇ ಹೇಳಿಬಿಟ್ಟೆ. ಆಗಾಥ ಹೇಳಿದ ಹಾಗೇ ಹೇಳಿದೆ, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಮಾಡಲು ಹೋದರೆ ಎಲ್ಲವೂ ಕರಗಿಹೋಗುತ್ತದೆಂದು ಗೊತ್ತಿತ್ತು.

‘ನೋಡಿ ಅಮ್ಮ, ನೀವು ಕೇಳಿದ್ದು ಹೋರಿ. ಹೋರಿ ಕೊಡ್ತಿದೀವಿ.’

‘ತೋರಿಸ್ತಿದೀರಿ, ಬುಖರ್ ಅವರೇ. ಗಂಡಸರಿಗೆ ಕೊಡ್ತೀರಿ, ನಮಗೆ ತೋರಿಸ್ತೀರಿ.’

‘ಒಂದು ನಿಮಿಷ ಇರಿ. ಬಾಗಿಲು ಹಾಕ್ಕೊಂಡ್ ಬರ್ತೀನಿ.’

ಕುರ್ಚಿ ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು. ಮತ್ತೆ ಬಂದಾಗ ಅವರ ದನಿ ತಗ್ಗಿತ್ತು. ‘ಈ ಮಾತು ಕೊರೀನಾ ಕಿವಿಗೆ ಬಿದ್ದಿದೆಯಾ?’

‘ಇನ್ನೂ ಇಲ್ಲ.’

‘ಪೇಪರ್‌ನವರಿಗೆ?’

‘ಇಲ್ಲ.’ ಆ ಯೋಚನೆ ನನಗೆ ಬಂದೇ ಇರಲಿಲ್ಲ. ಅವರಿಗೆ ಬಂದಿತ್ತು.

ಅವರು ನಿಟ್ಟುಸಿರು ಬಿಟ್ಟರು. ‘ಸರಿ. ಬೆಲೆ ಎರಡು ಕಡೆನೂ ಒಂದೇ ಅಂತ ಇಟ್ಕೊಳ್ಳಿ, ಅದನ್ನ ನಾನು ಮೇಲಿನವರ ಹತ್ರ ಹೇಗೋ ನಿಭಾಯಿಸ್ತೀನಿ. ಆದ್ರೆ ನಿಮ್ಮ ಹುಡುಗಿ ಗೆದ್ದು, ಹಣ ಬೇಡ, ಹೋರಿನೇ ಬೇಕು ಅಂತ ಹೊಡ್ಕೊಂಡು ಹೋದ್ರೆ? ಜುಲೈನಲ್ಲಿ ಗಂಡಸರ ಕಣಕ್ಕೆ ನಾನು ಯಾರನ್ನ ನಿಲ್ಲಿಸ್ಲಿ? ಆಗಾಥ ಹತ್ರ ಇನ್ನೊಂದು ಹೋರಿ ಇದೆಯಾ, ಕೇಳಿ.’

ಫೋನಿಗೆ ಕೈ ಅಡ್ಡ ಹಿಡಿದು ಕೂಗಿ ಕೇಳಿದೆ. ಆಗಾಥ ರೋಮಿಯನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದಳು.

‘ಇದೆ ಅನ್ನು. ಬಾಲ್ಟ್ಸನಿಗಿಂತ ಒಂದು ಗೇಣು ಗಿಡ್ಡ. ಗಂಡಸರಿಗೆ ಸಾಕು. ಬೆಲೆ ಮಾತ್ರ ಇಬ್ಬರದೂ ಒಂದೇ.’

ನಾನು ಕೈ ತೆಗೆದು, ಹಾಗೆಯೇ ಹೇಳಿದೆ.